ನಕ್ಕರೆ ತಪ್ಪೇ? ಮನೆ ಮುರಿದ ಕಥೆಯನ್ನು ನಗುತ್ತ ಹೇಳುವ ಪುಸ್ತಕಗಳನ್ನು ಓದುವ ಬಗೆ

ಪ್ರಶ್ನೆ: ‘ಹಾಸ್ಯಮಯ ಆತ್ಮಕಥನ’ ಎಂದು ಬೆನ್ನುಡಿಯಲ್ಲಿ ಓದಿ ಲೈಬ್ರರಿಯಿಂದ ಒಂದು ಪುಸ್ತಕ ತಂದೆ. ಮೊದಲ ನೂರು ಪುಟ ಬಿದ್ದು ಬಿದ್ದು ನಕ್ಕೆ. ಆಮೇಲೆ ಲೇಖಕಿಯ ಅಪ್ಪ ಮನೆ ಬಿಟ್ಟು ಹೋಗುತ್ತಾರೆ, ಅಮ್ಮ ಹಾಸಿಗೆ ಹಿಡಿಯುತ್ತಾರೆ, ಕೊನೆಗೆ ಲೇಖಕಿಯ ಮದುವೆಯೂ ಮುರಿಯುತ್ತದೆ. ಆಕೆ ಮಾತ್ರ ಚಟಾಕಿ ಹಾರಿಸುವುದನ್ನು ಬಿಡುವುದಿಲ್ಲ. ನಗು ಬಂತು, ಬೆನ್ನಿಗೇ ನಾಚಿಕೆಯೂ ಆಯಿತು. ಪುಸ್ತಕ ಅರ್ಧಕ್ಕೆ ನಿಂತಿದೆ. ಇಂಥವನ್ನು ಹೇಗೆ ಓದಬೇಕು? ಇದರಲ್ಲಿ ನಿಜ ಎಷ್ಟು? ಮುಂದಿನ ಸಲ ಆರಿಸುವಾಗ ಏನು ನೋಡಬೇಕು?

ಉತ್ತರ: ನೀವು ನಿಲ್ಲಿಸಿದ ಜಾಗವೇ ಅರ್ಧ ಉತ್ತರ ಹೇಳುತ್ತಿದೆ. ಈ ಜಾತಿಯ ಪುಸ್ತಕಗಳು ಸಾಮಾನ್ಯವಾಗಿ ಅಲ್ಲೇ ಹೊರಳುತ್ತವೆ. ಮೊದಲ ಭಾಗದಲ್ಲಿ ಮನೆಯ ಒಬ್ಬೊಬ್ಬರನ್ನೂ ಅವರವರ ಹುಚ್ಚಾಟಗಳ ಸಮೇತ ಪರಿಚಯಿಸಿ, ಓದುವವರಿಗೆ ಆ ಮನೆಯ ಮೇಲೆ ಒಂದು ಸಲುಗೆ ಹುಟ್ಟಿಸುತ್ತಾರೆ. ಸಲುಗೆ ಬೇರೂರಿದ ಮೇಲೆ ಅದೇ ಮನೆಗೆ ಏಟು ಬೀಳುತ್ತದೆ. ಗುರುತು ಪರಿಚಯ ಇಲ್ಲದವರ ಮನೆ ಮುರಿದರೆ ನಮಗೆ ಅದು ಸುದ್ದಿ ಅಷ್ಟೇ. ನಕ್ಕು ನಕ್ಕು ಬಳಕೆಯಾದ ಮನೆ ಮುರಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಿಮಗೆ ನಾಚಿಕೆಯಾಯಿತು ಎಂದರೆ ಮೊದಲ ನೂರು ಪುಟ ತಮ್ಮ ಕೆಲಸ ಮಾಡಿವೆ ಎಂದರ್ಥ. ನಿಮ್ಮ ಹಾಸ್ಯಪ್ರಜ್ಞೆಯಲ್ಲಿ ಕೊರತೆಯೇನಿಲ್ಲ. ಆದರೆ ಮೊದಲ ನೂರು ಪುಟ ಓದಿದ ವೇಗದಲ್ಲೇ, ಅದೇ ಕಿವಿಯಲ್ಲೇ ಉಳಿದದ್ದನ್ನೂ ಓದಲು ಹೊರಟರೆ ಪುಸ್ತಕ ಕೈಕೊಡುತ್ತದೆ. ಹೆಚ್ಚಿನವರು ಅರ್ಧಕ್ಕೆ ಮಡಚಿಡುವುದು ಈ ಕಾರಣಕ್ಕೆ.

ಮೊದಲು ಗುರುತಿಸಬೇಕಾದದ್ದು ಪುಸ್ತಕದಲ್ಲಿರುವ ಇಬ್ಬರು ‘ನಾನು’ಗಳನ್ನು. ಒಬ್ಬರು ಆಗ ಅನುಭವಿಸಿದವರು. ಇನ್ನೊಬ್ಬರು ಈಗ ಕೂತು ಬರೆಯುತ್ತಿರುವವರು. ಇಬ್ಬರಿಗೂ ಒಂದೇ ಹೆಸರು, ಒಂದೇ ಅಮ್ಮ, ಆದರೆ ಇಬ್ಬರಿಗೂ ಗೊತ್ತಿರುವುದು ಬೇರೆ ಬೇರೆ. ನಗು ಹುಟ್ಟುವುದು ಇವರಿಬ್ಬರ ನಡುವಿನ ಸಂದಿಯಲ್ಲಿ. ಮಾತು ಗಾಳಿಯಲ್ಲಿ ತೇಲದಿರಲೆಂದು, ಇಲ್ಲಿಗಾಗಿಯೇ ಕಟ್ಟಿದ ನಾಲ್ಕು ಸಾಲು ನೋಡಿ:

“ಅಪ್ಪ ಸೂಟ್‌ಕೇಸ್ ಹಿಡಿದು ಮನೆ ಬಿಟ್ಟು ಹೋದರು. ಹತ್ತು ನಿಮಿಷಕ್ಕೆ ಬಾಗಿಲ ಗಂಟೆ ಹೊಡೆಯಿತು. ಅಪ್ಪನೇ. ಕೊಡೆ ಮರೆತಿದ್ದರು. ಅಮ್ಮ ಕೊಡೆ ತಂದು ಕೊಟ್ಟು, ‘ಮೋಡ ಕಟ್ಟಿದೆ, ಹುಷಾರಾಗಿ ಹೋಗಿ’ ಅಂದಳು.”

ಇದನ್ನು ಓದಿದರೆ ತುಟಿ ಸ್ವಲ್ಪ ಅರಳುತ್ತದೆ, ಹಿಂದೆಯೇ ಎದೆ ಚುಳ್ ಅನ್ನುತ್ತದೆ. ಎರಡೂ ಎಲ್ಲಿಂದ ಬಂದವು? ಗಂಟೆ ಹೊಡೆದಾಗಿನಿಂದ ‘ಕೊಡೆ ಮರೆತಿದ್ದರು’ ಅನ್ನುವವರೆಗೆ ಬಾಗಿಲ ಬಳಿ ನಿಂತ ಮಗು ಅಪ್ಪ ಮನಸ್ಸು ಬದಲಿಸಿ ಬಂದರೆಂದೇ ನಂಬಿರುತ್ತದೆ. ಆ ನಂಬಿಕೆಯ ಬಗ್ಗೆ ಒಂದು ಅಕ್ಷರವೂ ಇಲ್ಲ, ತುಂಬಿಕೊಳ್ಳುವವರು ನಾವು. ಇನ್ನು ಅಮ್ಮ. ಮದುವೆ ಮುಗಿದಿದೆ, ಹುಷಾರು ಹೇಳುವ ಅಭ್ಯಾಸ ಮುಗಿದಿಲ್ಲ; ಕೀಲಿ ಕೊಟ್ಟ ಗೊಂಬೆಯ ಹಾಗೆ ಅದು ಇನ್ನೂ ಓಡುತ್ತಿದೆ. ಜೀವಂತವಾದದ್ದರ ಮೇಲೆ ಯಂತ್ರದ ಜಡತೆ ಬಂದು ಕೂತಾಗ ನಗು ಹುಟ್ಟುತ್ತದೆ ಎಂದು ಫ್ರಾನ್ಸಿನ ತತ್ತ್ವಜ್ಞಾನಿ ಆನ್ರಿ ಬರ್ಗ್‌ಸನ್ 1900ರಲ್ಲಿ ಬರೆದದ್ದು ಇಂಥದ್ದಕ್ಕೇ. ನಗಲು ಮನಸ್ಸು ಸ್ವಲ್ಪ ಹೊತ್ತು ಮರಗಟ್ಟಬೇಕು ಎಂದೂ ಅವನು ಹೇಳಿದ. ಮನೆಯ ಕಥೆ ಹೇಳುವವರ ಕಸುಬು ಇರುವುದು ಆ ಮರಗಟ್ಟುವಿಕೆಯನ್ನು ಎರಡೇ ಸಾಲಿನಲ್ಲಿ ಇಳಿಸಿಬಿಡುವುದರಲ್ಲಿ.

ಈಗ ಕೊನೆಗೆ ಒಂದು ಸಾಲು ಸೇರಿಸಿ ನೋಡಿ: “ಆ ಕ್ಷಣ ನಮ್ಮ ಬದುಕೇ ಕುಸಿದು ಬಿದ್ದಿತ್ತು.” ಸತ್ತಿತು. ಅಳಬೇಕೆಂದು ಅಪ್ಪಣೆ ಕೊಟ್ಟಂತಾಯಿತು. ಅದರ ಬದಲು “ಅಪ್ಪನಿಗೆ ನಮಗಿಂತ ಕೊಡೆಯೇ ಹೆಚ್ಚಾಗಿತ್ತು” ಎಂದು ಸೇರಿಸಿದರೆ? ಮೊನಚಾಗಿದೆ, ಬೆನ್ನುಡಿಯಲ್ಲಿ ಎತ್ತಿ ಹಾಕುವಂತಿದೆ, ಆದರೆ ಅದು ವಕೀಲರ ಮಾತು. ಅಪ್ಪ ಕಟಕಟೆಯಲ್ಲಿ ನಿಂತರು, ನಾವು ನ್ಯಾಯಾಧೀಶರಾದೆವು, ಕೊಡೆ ಬರೀ ಸಾಕ್ಷಿಯಾಯಿತು. ನಿಮ್ಮ ಕೈಯಲ್ಲಿರುವ ಪುಸ್ತಕದಲ್ಲಿ ಇಂಥ ಸಾಲುಗಳು ಎಷ್ಟಿವೆ ನೋಡಿ. ಪ್ರತಿ ಪ್ರಸಂಗದ ಬಾಲಕ್ಕೂ ಒಂದೊಂದು ಜೋಡಿಸಿದ್ದರೆ, ಲೇಖಕಿಗೆ ತನ್ನ ಪ್ರಸಂಗದ ಮೇಲೂ ನಂಬಿಕೆ ಇಲ್ಲ, ನಿಮ್ಮ ಮೇಲೂ ಇಲ್ಲ.

ಕನ್ನಡದಲ್ಲಿ ಓದುವವರಿಗೆ ಇಬ್ಬರು ‘ನಾನು’ಗಳನ್ನು ಬೇರ್ಪಡಿಸಲು ಒಂದು ಒಳ್ಳೆಯ ಸುಳಿವು ಸಿಗುತ್ತದೆ. ಅದು ಗೌರವಸೂಚಕ. ‘ಅಪ್ಪ ಹೋದರು’ ಮತ್ತು ‘ಅಪ್ಪ ಹೋದ’ ಒಂದೇ ಸುದ್ದಿ, ಆದರೆ ಒಂದೇ ದೂರದಿಂದ ಹೇಳಿದ್ದಲ್ಲ. ಮೇಲಿನ ನಾಲ್ಕು ಸಾಲಿನಲ್ಲಿ ಅಪ್ಪನಿಗೆ ಬಹುವಚನ, ಅಮ್ಮನಿಗೆ ಏಕವಚನ. ಆ ಮನೆಯಲ್ಲಿ ಯಾರ ಹತ್ತಿರ ಸಲುಗೆ, ಯಾರ ಹತ್ತಿರ ಅಂಜಿಕೆ ಎಂಬುದು ಕ್ರಿಯಾಪದದ ಬಾಲದಲ್ಲೇ ಇದೆ. ಪುಸ್ತಕದುದ್ದಕ್ಕೂ ‘ಹೋದರು, ಬಂದರು’ ಎನ್ನುತ್ತಿದ್ದವರು ಒಂದು ಪುಟದಲ್ಲಿ ಥಟ್ಟನೆ ‘ಹೋದ’ ಅಂದರೆ ಅಲ್ಲಿ ಏನೋ ಮುರಿದಿದೆ, ಅಥವಾ ಏನೋ ಹತ್ತಿರವಾಗಿದೆ. ಎರಡರಲ್ಲಿ ಯಾವುದು ಎಂದು ನಿಂತು ಯೋಚಿಸಿ. ಇಂಗ್ಲಿಷಿನಂಥ ಭಾಷೆಯಿಂದ ಅನುವಾದವಾದ ಪುಸ್ತಕವಾದರೆ ಈ ಆಯ್ಕೆ ಅನುವಾದಕರದು. ಮೂಲದಲ್ಲಿ ಇಲ್ಲದ ಮರ್ಯಾದೆ ಸೇರಿದರೆ ಹಾಸ್ಯ ಮೊಂಡಾಗುತ್ತದೆ, ಮೂಲದಲ್ಲಿ ಇಲ್ಲದ ಏಕವಚನ ಸೇರಿದರೆ ತಿಳಿಹಾಸ್ಯ ಲೇವಡಿಯಾಗುತ್ತದೆ. ಅನುವಾದದಲ್ಲಿ ಮಗಳು ಅಪ್ಪನನ್ನು ಹಂಗಿಸುತ್ತಿದ್ದಾಳೆ ಅನ್ನಿಸಿದರೆ ಲೇಖಕಿಯ ಮೇಲೆ ಸಿಟ್ಟಾಗುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಲೈಬ್ರರಿ ಪುಸ್ತಕದ ಮೇಲೆ ಗೀಚುವ ಹಾಗಿಲ್ಲ, ಒಂದು ಚೀಟಿ ಇಟ್ಟುಕೊಳ್ಳಿ. ಎರಡು ಅಧ್ಯಾಯಕ್ಕೆ ಮಾತ್ರ, ಪ್ರತಿ ಪ್ಯಾರಾಕ್ಕೂ ಒಂದಕ್ಷರ: ಆಗಿನ ‘ನಾನು’ ಮಾತಾಡುತ್ತಿದ್ದರೆ ‘ಆ’, ಈಗಿನ ‘ನಾನು’ ಮಾತಾಡುತ್ತಿದ್ದರೆ ‘ಈ’. ‘ಆಮೇಲೆ ಗೊತ್ತಾಯಿತು’, ‘ಈಗ ಅನ್ನಿಸುತ್ತದೆ’, ‘ಆ ವಯಸ್ಸಿಗೆ’ ಎಂಬ ಮಾತುಗಳು ಬಂದಲ್ಲಿ ‘ಈ’ ಖಚಿತ. ಬರೀ ‘ಈ’ ಸಾಲುಗಟ್ಟಿದರೆ ಅದು ಹಳೆಯದರ ಮೇಲೆ ಬರೆದ ತೀರ್ಪು. ಬರೀ ‘ಆ’ ಆದರೆ ದೊಡ್ಡವರು ಮಗುವಿನ ದನಿ ಮಾಡಿ ಆಡುತ್ತಿರುವ ನಾಟಕ. ಹತ್ತು ಪುಟ ಮುದ್ದು, ಇಪ್ಪತ್ತನೆಯ ಪುಟಕ್ಕೆ ಸಾಕು. ಎರಡೂ ಹೆಣೆದುಕೊಂಡಿದ್ದರೆ ನೀವು ಒಳ್ಳೆಯ ಕೈಯಲ್ಲಿದ್ದೀರಿ. ಎರಡು ಅಧ್ಯಾಯದ ನಂತರ ಚೀಟಿ ಎಸೆಯಿರಿ, ಕಿವಿ ತಾನೇ ಕಲಿತಿರುತ್ತದೆ.

ಇನ್ನು ನಾಚಿಕೆಯ ವಿಷಯ. ಅದರ ಬೇರು ಇರುವುದು ‘ಈ ನಗೆಯ ಖರ್ಚು ಯಾರ ಲೆಕ್ಕಕ್ಕೆ’ ಎಂಬಲ್ಲಿ. ಭರತನ ನಾಟ್ಯಶಾಸ್ತ್ರ ತನ್ನ ಆರನೆಯ ಅಧ್ಯಾಯದಲ್ಲಿ ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡು ಮಾಡುತ್ತದೆ. ತಾನೇ ನಗುವುದು ಆತ್ಮಸ್ಥ, ಇತರರನ್ನು ನಗಿಸುವುದು ಪರಸ್ಥ. ಮನೆಯ ದುರಂತವನ್ನು ನಗುತ್ತ ಬರೆಯುವವರು ಎರಡನ್ನೂ ಒಟ್ಟಿಗೆ ಮಾಡುತ್ತಾರೆ. ತಾನು ನಕ್ಕ ಗುರುತು ಇಲ್ಲದೆ ನಮ್ಮನ್ನಷ್ಟೇ ನಗಿಸಲು ಹೊರಟರೆ ಅದು ತಮಾಷೆ ಕಾರ್ಯಕ್ರಮವಾಗುತ್ತದೆ. ಮನೋವಿಶ್ಲೇಷಕ ಸಿಗ್ಮಂಡ್ ಫ್ರಾಯ್ಡ್ 1927ರ ಒಂದು ಪುಟ್ಟ ಪ್ರಬಂಧದಲ್ಲಿ ನೇಣಿಗೆ ಹೊರಟ ಕೈದಿಯೊಬ್ಬನ ಉದಾಹರಣೆ ಕೊಡುತ್ತಾನೆ. ಅಂದು ಸೋಮವಾರ. ‘ವಾರ ಚೆನ್ನಾಗಿಯೇ ಶುರುವಾಯಿತು’ ಅನ್ನುತ್ತಾನೆ ಕೈದಿ. ಫ್ರಾಯ್ಡ್‌ನ ವಿವರಣೆಯಲ್ಲಿ, ಇಂಥ ಮಾತು ಆಡುವಾಗ ನಮ್ಮೊಳಗಿನ ಹಿರಿಯನೊಬ್ಬ ನಡುಗುತ್ತಿರುವ ಕಿರಿಯನಿಗೆ, ಹೆತ್ತವರು ಮಗುವಿಗೆ ಹೇಳುವಂತೆ, ‘ಇಷ್ಟೇ ತಾನೇ’ ಅನ್ನುತ್ತಾನೆ. ಮನೆಯ ಕಥೆಗಳಲ್ಲಿ ಇದು ಅಕ್ಷರಶಃ ನಡೆಯುತ್ತದೆ. ಬಾಗಿಲ ಬಳಿ ನಿಂತ ಆ ಮಗುವಿಗೆ ಅಂದು ಸಮಾಧಾನ ಹೇಳುವವರು ಯಾರೂ ಇರಲಿಲ್ಲ. ಮೂವತ್ತು ವರ್ಷದ ನಂತರ ಅದೇ ಮಗು ದೊಡ್ಡದಾಗಿ ಬಂದು, ಕೊಡೆಯನ್ನು ತೋರಿಸಿ, ಪಕ್ಕದಲ್ಲಿ ನಿಲ್ಲುತ್ತದೆ. ಅಲ್ಲಿ ನೀವು ನಕ್ಕರೆ ಆ ಮಗುವಿನ ಜೊತೆ ನಗುತ್ತೀರಿ. ನಾಚಿಕೆ ಬೇಕಾಗಿಲ್ಲ.

ನಾಚಿಕೆ ಸರಿಯಾದ ಎಚ್ಚರಿಕೆಯಾಗುವ ಸಂದರ್ಭಗಳೂ ಇವೆ. ಇಪ್ಪತ್ತು ಪುಟ ತೆಗೆದುಕೊಂಡು ನಗು ಬಂದ ಜಾಗಗಳನ್ನೆಲ್ಲ ಎಣಿಸಿ, ಪ್ರತಿಯೊಂದರ ಎದುರಿಗೂ ಅದರಲ್ಲಿ ಸೋತವರ ಹೆಸರು ಬರೆಯಿರಿ. ಹತ್ತರಲ್ಲಿ ನಾಲ್ಕು ಸಲವಾದರೂ ಸೋತವರು ಲೇಖಕರೇ ಆಗಿದ್ದರೆ ಲೆಕ್ಕ ಸರಿಯಿದೆ. ಹತ್ತಕ್ಕೆ ಎಂಟು ಸಲ ಅಮ್ಮನೇ, ಅದರಲ್ಲೂ ಹಾಸಿಗೆ ಹಿಡಿದ ಅಮ್ಮನೇ ಸೋಲುತ್ತಿದ್ದರೆ ನಿಮ್ಮ ಇರುಸುಮುರುಸು ನ್ಯಾಯವಾದದ್ದು. ಕಾಯಿಲೆಯನ್ನು ನೋಡಿ ನಗುವುದು ಬೇರೆ, ಕಾಯಿಲೆಯ ಸುತ್ತ ಮನೆಮಂದಿ ಆಡುವ ಆಟ ನೋಡಿ ನಗುವುದು ಬೇರೆ. ಮರೆವಿನ ರೋಗದ ಅಮ್ಮ ಮಗಳ ಹೆಸರು ತಪ್ಪಾಗಿ ಕರೆದರೆ ಅದರಲ್ಲಿ ನಗುವುದಕ್ಕೇನೂ ಇಲ್ಲ. ಆ ತಪ್ಪು ಹೆಸರಿಗೇ ಮಗಳು ಮೂರು ದಿನ ಓಗೊಟ್ಟು, ನಾಲ್ಕನೆಯ ದಿನ ಬ್ಯಾಂಕಿನಲ್ಲಿ ಅದೇ ಹೆಸರನ್ನು ಸಹಿ ಮಾಡಲು ಹೋಗಿ ತಡವರಿಸಿದರೆ ನಗು ಬರುತ್ತದೆ, ಮತ್ತು ಆ ನಗುವಿನ ಖರ್ಚು ಮಗಳ ಲೆಕ್ಕಕ್ಕೆ ಬೀಳುತ್ತದೆ.

ಇನ್ನೊಂದು ವಿಷಯವನ್ನು ನಮ್ಮ ಅಲಂಕಾರಶಾಸ್ತ್ರ ಬಹಳ ಹಿಂದೆಯೇ ಕೆದಕಿದೆ. ವಿಶ್ವನಾಥನ ‘ಸಾಹಿತ್ಯದರ್ಪಣ’ದ ಪ್ರಕಾರ ಹಾಸ್ಯಕ್ಕೆ ಕರುಣ ವಿರೋಧಿ ರಸ. ಎರಡನ್ನೂ ಅಕ್ಕಪಕ್ಕ ಕೂರಿಸಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಹಾಗಿದ್ದರೆ ಇಂಥ ಪುಸ್ತಕ ಬರೆಯುವುದೇ ಸಾಧ್ಯವಿಲ್ಲವೇ? ಉಪಾಯ ಆನಂದವರ್ಧನನ ‘ಧ್ವನ್ಯಾಲೋಕ’ದಲ್ಲಿದೆ: ಒಂದಕ್ಕೊಂದು ಹೊಂದದ ಎರಡು ರಸಗಳ ನಡುವೆ ಎರಡಕ್ಕೂ ಹಗೆಯಲ್ಲದ ಮೂರನೆಯದನ್ನು ತಂದಿಡು. ಹರ್ಷನ ‘ನಾಗಾನಂದ’ ನಾಟಕದಲ್ಲಿ ಶಾಂತವೂ ಶೃಂಗಾರವೂ ಬರುವುದನ್ನು ಅವನು ಉದಾಹರಿಸುತ್ತಾನೆ; ಅಲ್ಲಿ ನಡುವೆ ನಿಲ್ಲುವುದು ಅದ್ಭುತ ಎಂದು ನಂತರದವರು ಬಿಡಿಸಿ ಹೇಳಿದ್ದಾರೆ. ಇಂದಿನ ನಗೆಯ ಆತ್ಮಕಥನಗಳಲ್ಲೂ ಈ ನಡುಗೋಡೆ ಕಣ್ಣಿಗೆ ಬೀಳುತ್ತದೆ, ಆದರೆ ಬಹಳ ಸಾದಾ ವೇಷದಲ್ಲಿ. ನಗೆಯ ಪ್ರಸಂಗ ಮುಗಿದು ಸಾವಿನ ಸುದ್ದಿ ಬರುವ ಮುನ್ನ ಅರ್ಧ ಪುಟ, ಒಂದು ಪುಟ ಏನೂ ನಡೆಯದ ಬರಹ ಇರುತ್ತದೆ. ಆಸ್ಪತ್ರೆಯ ಫಾರಂನಲ್ಲಿದ್ದ ಪ್ರಶ್ನೆಗಳು, ಕಪಾಟಿನಲ್ಲಿ ಸಿಕ್ಕ ವಸ್ತುಗಳ ಪಟ್ಟಿ, ಬೀಗದ ಕೈ ಯಾರ ಹತ್ತಿರ ಇತ್ತು, ಕಾರಿಡಾರಿನ ಬೆಂಚಿನ ಬಣ್ಣ. ಅವಸರದಲ್ಲಿ ಓದುವವರು ‘ಇಲ್ಲಿ ಬೋರು’ ಎಂದು ಹಾರಿಸುವುದು ಸರಿಯಾಗಿ ಇದನ್ನೇ. ಹಾರಿಸಿದ ಮೇಲೆ ನಗು ಇನ್ನೂ ಬಾಯಲ್ಲಿರುವಾಗಲೇ ಸಾವು ಎದುರಾಗುತ್ತದೆ, ಕಪಾಳಕ್ಕೆ ಹೊಡೆದಂತಾಗುತ್ತದೆ, ‘ಇವಳೇನು ಕಲ್ಲುಮನಸ್ಸಿನವಳೇ’ ಎಂದು ಪುಸ್ತಕ ಮುಚ್ಚುತ್ತಾರೆ. ನಿಮ್ಮ ಪುಸ್ತಕದಲ್ಲಿ ಹೀಗೇ ಆಗಿರಬಹುದು. ಹೊರಳುವ ಅಧ್ಯಾಯವನ್ನು ತೆಗೆದು, ಪಟ್ಟಿಗಳನ್ನೂ ವಿವರಗಳನ್ನೂ ಒಂದೊಂದೇ ಓದಿ. ಕೆಲವರು ಬೇಕೆಂದೇ ನಡುಗೋಡೆ ಕಿತ್ತು ಎರಡನ್ನೂ ಡಿಕ್ಕಿ ಹೊಡೆಸುತ್ತಾರೆ, ಅದೂ ಒಂದು ವರಸೆ. ಪುಸ್ತಕಕ್ಕೆ ಒಂದೆರಡು ಸಲ ನಡೆಯುತ್ತದೆ, ಅಧ್ಯಾಯಕ್ಕೊಂದರಂತೆ ಬಂದರೆ ಚಾಳಿ.

ವೇಗದ ಬಗ್ಗೆ ಹೇಳದಿದ್ದರೆ ಉತ್ತರ ಪೂರ್ತಿಯಾಗದು. ಇಂಥ ಎಷ್ಟೋ ಪುಸ್ತಕಗಳು ಪುಸ್ತಕವಾಗಿ ಹುಟ್ಟಿದವಲ್ಲ. ಅಮೆರಿಕದ ಹಾಸ್ಯಲೇಖಕ ಜೇಮ್ಸ್ ಥರ್ಬರ್‌ನ ಮನೆಯ ನೆನಪುಗಳು 1933ರಲ್ಲಿ ಪುಸ್ತಕವಾಗುವ ಮೊದಲು ‘ದ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬಂದವು. ಅಲ್ಲಿಯವಳೇ ಆದ ಲೇಖಕಿ ಶರ್ಲಿ ಜಾಕ್ಸನ್ ಮಕ್ಕಳು, ಮನೆ, ಗಲಿಬಿಲಿ ಕುರಿತು ಮಹಿಳಾ ಪತ್ರಿಕೆಗಳಿಗೆ ಬರೆದದ್ದನ್ನು ಹೊಲಿದು 1953ರಲ್ಲಿ ಪುಸ್ತಕ ಮಾಡಿದಳು. (1948ರಲ್ಲಿ ‘ದ ಲಾಟರಿ’ ಎಂಬ ಬೆಚ್ಚಿಬೀಳಿಸುವ ಕಥೆ ಬರೆದ ಕೈಯೂ ಅದೇ. ಮನೆಯೊಳಗಿನ ನಗು ಮತ್ತು ಊರಿನೊಳಗಿನ ಕ್ರೌರ್ಯ ಎರಡಕ್ಕೂ ಬೇಕಾದದ್ದು ಒಂದೇ ನಿಶಿತ ಕಣ್ಣು.) ವಾರಕ್ಕೋ ತಿಂಗಳಿಗೋ ಒಂದರಂತೆ ಓದಲೆಂದು ಕಟ್ಟಿದ್ದನ್ನು ಒಂದೇ ರಾತ್ರಿ ಎಂಟು ನುಂಗಿದರೆ ಏನಾಗುತ್ತದೆ? ಪ್ರತಿ ಪ್ರಬಂಧದ ಕೊನೆಯ ತಿರುವು ಮೊದಲೇ ಗೊತ್ತಾಗತೊಡಗುತ್ತದೆ, ಐದನೆಯದಕ್ಕೆ ಲೇಖಕರ ಕೈಚಳಕ ಕಾಣುತ್ತದೆ, ಎಂಟನೆಯದಕ್ಕೆ ಅವರ ಮೇಲೆ ಬೇಸರ ಬರುತ್ತದೆ. ಒಂದು ಕೂರಿಕೆಗೆ ಒಂದು ಅಧ್ಯಾಯ, ಇಪ್ಪತ್ತು ಇಪ್ಪತ್ತೈದು ಪುಟ, ಅಷ್ಟು ಸಾಕು. ನಾಟ್ಯಶಾಸ್ತ್ರ ನಗುವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು, ಮುಗುಳ್ನಗೆಯಿಂದ ಅಬ್ಬರದ ನಗೆಯವರೆಗೆ, ಆರು ಮೆಟ್ಟಿಲಾಗಿ ಜೋಡಿಸಿ ಮೊದಲೆರಡನ್ನು ಉತ್ತಮರಿಗೆ ಬಿಟ್ಟಿದೆ. ಉತ್ತಮ, ಅಧಮದ ಮಾತು ಹಾಗಿರಲಿ, ಮನೆ ಮುರಿದ ಕಥೆಯಲ್ಲಿ ಹೆಚ್ಚು ಹೊತ್ತು ಬಾಳುವುದು ಸ್ಮಿತ ಮತ್ತು ಹಸಿತವೇ. ಪುಟಪುಟಕ್ಕೂ ಅತಿಹಸಿತ ಬೇಡುವ ಪುಸ್ತಕದಲ್ಲಿ ಲೇಖಕರು ಏನನ್ನೋ ಮುಚ್ಚಿಡಲು ಹೆಣಗುತ್ತಿರುತ್ತಾರೆ.

ನಿಧಾನ ಓದಿಗೆ ಇನ್ನೊಂದು ಕಾರಣವಿದೆ, ಮರುಕಳಿಸುವ ತಮಾಷೆ. ಬಿಡಿ ಚಟಾಕಿಗಿಂತ ಈ ಪುಸ್ತಕಗಳ ಜೀವಾಳ ಇದೇ. ಎರಡನೆಯ ಅಧ್ಯಾಯದಲ್ಲಿ ಚಿಕ್ಕಪ್ಪ ಎಲ್ಲ ಗಡಿಯಾರಗಳನ್ನೂ ಹತ್ತು ನಿಮಿಷ ಮುಂದೆ ಇಡುತ್ತಾನೆ, ನಗುತ್ತೀರಿ. ಆರನೆಯ ಅಧ್ಯಾಯದಲ್ಲಿ ಅದರಿಂದಾಗಿ ಮದುವೆಯ ಮನೆಗೆ ಯಾರೂ ಬರುವ ಮುಂಚೆ ಹೋಗಿ ಕೂರುತ್ತಾರೆ, ಮತ್ತೆ ನಗು. ಹನ್ನೊಂದನೆಯದರಲ್ಲಿ ಚಿಕ್ಕಪ್ಪ ತೀರಿಕೊಂಡ ಮೇಲೆ ಗಡಿಯಾರಗಳನ್ನು ಸರಿಮಾಡಲು ಯಾರಿಗೂ ಕೈ ಬರುವುದಿಲ್ಲ. ಮೊದಲನೆಯದು ನೆನಪಿಲ್ಲದಿದ್ದರೆ ಮೂರನೆಯದು ಬರೀ ಮಾಹಿತಿ. ಇದಕ್ಕೆ ಇನ್ನೊಂದು ಚೀಟಿ ಇಟ್ಟು, ಇಂಥ ವಸ್ತು, ಚಾಳಿ, ಬೈಗುಳ ಮೊದಲು ಬಂದ ಪುಟಸಂಖ್ಯೆ ಬರೆದಿಟ್ಟುಕೊಳ್ಳಿ. ಒಂದು ಪುಸ್ತಕಕ್ಕೆ ನಾಲ್ಕೈದು ಸಿಗುತ್ತವೆ.

ಮನೆಮಂದಿಯ ಮಾತುಗಳಿರುವ ಪುಟಗಳನ್ನು ಬಾಯಿಬಿಟ್ಟು ಓದಿ. ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡದೆ ತಮ್ಮದೇ ಹೇಳಿಕೊಂಡು ಹೋಗುವ ಸೊಗಸು ಕಣ್ಣಿಗಿಂತ ಕಿವಿಗೆ ಬೇಗ ಸಿಗುತ್ತದೆ. ಲೇಖಕರೇ ಓದಿದ ಆಡಿಯೊ ಪುಸ್ತಕ ಸಿಕ್ಕರೆ ಮೊದಲ ಅಧ್ಯಾಯಕ್ಕೆ ಒಳ್ಳೆಯದು, ದನಿಯ ಇಳಿಜಾರು ಗೊತ್ತಾಗುತ್ತದೆ. ಆದರೆ ಎಲ್ಲಿ ನಗಬೇಕೆಂದು ಅವರ ದನಿಯೇ ತೀರ್ಮಾನಿಸಿಬಿಡುವುದರಿಂದ ಹೊರಳುವ ಅಧ್ಯಾಯಗಳನ್ನು ಮಾತ್ರ ಕಾಗದದಲ್ಲೇ ಓದುವುದು ಮೇಲು.

ನಿಜ ಎಷ್ಟು ಎಂದು ಕೇಳಿದ್ದೀರಿ. ಫ್ರೆಂಚ್ ವಿಮರ್ಶಕ ಫಿಲಿಪ್ ಲೆಜನ್ 1975ರಲ್ಲಿ ಇದನ್ನು ಒಂದು ಕರಾರು ಎಂದು ಕರೆದ: ಮುಖಪುಟದ ಹೆಸರು, ಕಥೆ ಹೇಳುವವರು, ಕಥೆಯೊಳಗಿನ ವ್ಯಕ್ತಿ, ಮೂವರೂ ಒಬ್ಬರೇ ಎಂದು ಓದುಗರಿಗೆ ಕೊಟ್ಟ ಮಾತು. ಆ ಕರಾರಿನೊಳಗೂ ಹಾಸ್ಯ ಬರೆಯುವವರು ಸ್ವಲ್ಪ ಸಡಿಲ ಬಿಡಿಸಿಕೊಳ್ಳುತ್ತಾರೆ. ಮೂವತ್ತು ವರ್ಷದ ಹಿಂದಿನ ಜಗಳದ ಮಾತುಗಳು ಪದಶಃ ಯಾರಿಗೂ ನೆನಪಿರುವುದಿಲ್ಲ, ಪುಸ್ತಕದ ಸಂಭಾಷಣೆಯೆಲ್ಲ ಮರುಕಟ್ಟಿದ್ದು. ಮೂರು ವರ್ಷದ ಘಟನೆಗಳು ಒಂದೇ ಬೇಸಿಗೆಗೆ ಇಳಿಯುತ್ತವೆ. ಇಬ್ಬರು ಅತ್ತೆಯಂದಿರು ಒಬ್ಬರಾಗುತ್ತಾರೆ. ಇಂಗ್ಲಿಷ್ ಲೇಖಕ ಜೆರಾಲ್ಡ್ ಡರೆಲ್ 1956ರ ತನ್ನ ಪುಸ್ತಕದಲ್ಲಿ ಗ್ರೀಸಿನ ಕಾರ್ಫು ದ್ವೀಪದ ಮನೆಯೊಳಗೆ ಅಣ್ಣ ಲಾರೆನ್ಸ್‌ನನ್ನು ಎಲ್ಲರ ಜೊತೆ ಇರಿಸಿ ಅವನ ಬಾಯಿಂದ ಒಳ್ಳೊಳ್ಳೆಯ ಕುಚೋದ್ಯ ಆಡಿಸಿದ್ದಾನೆ. ನಿಜದಲ್ಲಿ ಲಾರೆನ್ಸ್‌ಗೆ ಆಗಲೇ ಮದುವೆಯಾಗಿ, ಅವನು ಹೆಂಡತಿಯ ಜೊತೆ ಬೇರೆ ಮನೆಯಲ್ಲಿದ್ದ. ಆ ಹೆಂಡತಿ ಪುಸ್ತಕದಲ್ಲೇ ಇಲ್ಲ. ಇದರಿಂದ ಪುಸ್ತಕ ಸುಳ್ಳಾಯಿತೇ? ಮನೆಯ ಗದ್ದಲ ಒಂದೇ ಸೂರಿನಡಿ ಇರಬೇಕಾಗಿತ್ತು, ಅದಕ್ಕೆ ತಕ್ಕಂತೆ ಅವನು ಜನರನ್ನು ಜೋಡಿಸಿದ. ಓದುವಾಗ ಇದಕ್ಕಿಂತ ಮುಖ್ಯವಾಗಿ ಗಮನಿಸಬೇಕಾದದ್ದು ಅಲ್ಲಿ ಇಲ್ಲದಿರುವುದನ್ನು. ಆ ಮಕ್ಕಳ ತಂದೆ ತೀರಿಕೊಂಡದ್ದು 1928ರಲ್ಲಿ. ಬಿಸಿಲಿನಲ್ಲಿ ಹೊಳೆಯುವ ಆ ಪುಸ್ತಕ ಅದರ ಮೇಲೆ ನಿಲ್ಲುವುದಿಲ್ಲ. ಅಷ್ಟೊಂದು ಗಲಾಟೆ ಯಾವ ನಿಶ್ಶಬ್ದವನ್ನು ಸುತ್ತುವರಿದಿದೆ ಎಂದು ಕೇಳಿಕೊಂಡು ಓದಿದರೆ ಅದೇ ನಗೆ ಬೇರೆ ತೂಕದ್ದಾಗುತ್ತದೆ. ನಿಮ್ಮ ಪುಸ್ತಕದಲ್ಲೂ ಮಾತೇ ಆಡದವರು ಯಾರೋ ಇರುತ್ತಾರೆ, ಅವರನ್ನು ಹುಡುಕಿ.

ಸಡಿಲಕ್ಕೂ ಎಲ್ಲೆ ಇದೆ. ಮಾತಿಗೆ ಬಣ್ಣ ಕಟ್ಟುವುದನ್ನು ಓದುಗರು ಕ್ಷಮಿಸುತ್ತಾರೆ, ಆಗದ ಗಾಯವನ್ನು ಕಟ್ಟುವುದನ್ನು ಕ್ಷಮಿಸುವುದಿಲ್ಲ. ಅಮೆರಿಕದ ಆಗಸ್ಟನ್ ಬರೋಸ್ 2002ರಲ್ಲಿ ತನ್ನ ವಿಚಿತ್ರ ಬಾಲ್ಯದ ಕಥೆ ಬರೆದಾಗ ಅದರಲ್ಲಿ ಬರುವ ಕುಟುಂಬ ಕೋರ್ಟಿಗೆ ಹೋಯಿತು. 2007ರ ರಾಜಿಯಂತೆ, ಲೇಖಕರ ಮಾತಿನಲ್ಲಿ ಅದನ್ನು ‘ಪುಸ್ತಕ’ ಎಂದಷ್ಟೇ ಕರೆದು, ಆ ಕುಟುಂಬದವರ ನೆನಪುಗಳು ಬೇರೆಯಾಗಿವೆ ಎಂದು ಒಪ್ಪಿಕೊಳ್ಳಬೇಕಾಯಿತು. ಅಲ್ಲಿಯವಳೇ ಆದ ಲೇಖಕಿ ನೋರಾ ಎಫ್ರನ್ ಇನ್ನೊಂದು ದಾರಿ ಹಿಡಿದಳು. ತನ್ನ ಮುರಿದ ಮದುವೆಯನ್ನೇ ಇಟ್ಟುಕೊಂಡು 1983ರಲ್ಲಿ ‘ಹಾರ್ಟ್‌ಬರ್ನ್’ ಬರೆದು ಅದಕ್ಕೆ ಕಾದಂಬರಿ ಎಂದೇ ಹೆಸರಿಟ್ಟಳು. ಆದ್ದರಿಂದ ‘ಲೇಖಕರ ಮಾತು’ ಎಂಬ ಪುಟವನ್ನು ಹಾರಿಸಬೇಡಿ. ಹೆಸರು ಬದಲಿಸಿದ್ದೇವೆ, ಕಾಲ ಹಿಂದುಮುಂದಾಗಿದೆ ಎಂದು ಅಲ್ಲಿ ಹೇಳಿದ್ದರೆ ಕರಾರಿನ ಷರತ್ತು ಓದಿದಂತೆ. ಅದನ್ನೂ ತಮಾಷೆಯಾಗಿ ಬರೆದಿದ್ದರೆ ಇನ್ನೂ ಒಳ್ಳೆಯದು. ಕೆಲವರು ಷರತ್ತನ್ನು ಹೆಸರಿನಲ್ಲೇ ಇಡುತ್ತಾರೆ: ಬೀchi ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟಾಗ, ಯಾವ ಕಿವಿಯಿಂದ ಓದಬೇಕೆಂಬುದು ಮುಖಪುಟದಲ್ಲೇ ತೀರ್ಮಾನವಾಯಿತು.

ಆರಿಸುವುದಕ್ಕೆ ಹತ್ತು ನಿಮಿಷ ಸಾಕು. ಬೆನ್ನುಡಿ ಬಿಡಿ. ಮೊದಲ ಅಧ್ಯಾಯವನ್ನೂ ಬಿಡಿ, ಅದನ್ನು ಹತ್ತು ಸಲ ತಿದ್ದಿರುತ್ತಾರೆ. ನಡುವಿನಿಂದ ಒಂದು ಅಧ್ಯಾಯ ತೆಗೆದು ಎರಡು ವಿಷಯ ಹುಡುಕಿ: ಲೇಖಕರು ವಾದದಲ್ಲಿ ಸೋತು ಇನ್ನೊಬ್ಬರು ಗೆದ್ದ ಒಂದು ಪುಟ, ಮತ್ತು ಒಂದೂ ತಮಾಷೆ ಇಲ್ಲದ ಒಂದು ಪುಟ. ಎರಡೂ ಸಿಕ್ಕರೆ ಕೊಳ್ಳಿ. ಆಮೇಲೆ ಕೊನೆಯ ಪುಟದ ಮೇಲೊಮ್ಮೆ ಕಣ್ಣಾಡಿಸಿ, ಇಂಥ ಪುಸ್ತಕಗಳಲ್ಲಿ ಕೊನೆ ಗೊತ್ತಾದರೆ ಕೆಡುವಂಥದ್ದೇನಿಲ್ಲ. ಎಲ್ಲರೂ ಎಲ್ಲರನ್ನೂ ಕ್ಷಮಿಸಿ ಫೋಟೊಗೆ ನಿಂತಿದ್ದರೆ ಅನುಮಾನಿಸಿ.

ಘಟನೆಗೂ ಬರಹಕ್ಕೂ ನಡುವೆ ಎಷ್ಟು ವರ್ಷ ಕಳೆದಿವೆ ಎಂದೂ ನೋಡಿ. ದೊಡ್ಡ ಆಘಾತ ದೂರವಾದಷ್ಟೂ, ಚಿಕ್ಕ ಎಡವಟ್ಟು ಹತ್ತಿರವಿದ್ದಷ್ಟೂ ಹೆಚ್ಚು ನಗು ತರುತ್ತದೆ ಎಂದು ನಗುವಿನ ಕುರಿತು ಸಂಶೋಧನೆ ಮಾಡುವ ಪೀಟರ್ ಮೆಗ್ರಾ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು. ಅದೇ ವರ್ಷ ಅಮೆರಿಕಕ್ಕೆ ಅಪ್ಪಳಿಸಿದ ಸ್ಯಾಂಡಿ ಚಂಡಮಾರುತದ ಕುರಿತ ಜೋಕುಗಳನ್ನು ಬೇರೆ ಬೇರೆ ದಿನ ಜನರಿಗೆ ತೋರಿಸಿದಾಗ ಅವು ಹೆಚ್ಚು ನಗಿಸಿದ್ದು 36 ದಿನಗಳ ನಂತರ, ಮುಂದೆ ಮತ್ತೆ ಸಪ್ಪೆಯಾದವು. ಮನೆ ಮುರಿದದ್ದಕ್ಕೆ ಅಂಥ ಕ್ಯಾಲೆಂಡರ್ ಹೊಂದುವುದಿಲ್ಲ. ಆದರೂ ವಿಚ್ಛೇದನದ ಕಾಗದದ ಮಸಿ ಆರುವ ಮುನ್ನ ಬಂದ ನಗೆಪುಸ್ತಕದಲ್ಲಿ ಈಗಿನ ‘ನಾನು’ ಇನ್ನೂ ಹುಟ್ಟಿರುವುದಿಲ್ಲ, ಸೇಡು ಹಾಸ್ಯದ ಅಂಗಿ ತೊಟ್ಟು ಬಂದಿರುತ್ತದೆ. ಓದುವವರಿಗೂ ಇದೇ ಅನ್ವಯ. ನಿಮ್ಮ ಮನೆಯಲ್ಲೇ ಈಗ ಅದೇ ಏಟು ಬಿದ್ದಿದ್ದರೆ ಅದೇ ಏಟಿನ ಪುಸ್ತಕ ಬೇಡ. ಬೇರೆ ಬಗೆಯ ಗೋಳಿನದನ್ನು ತೆಗೆದುಕೊಳ್ಳಿ: ಅಗಲಿಕೆಯಲ್ಲಿರುವವರು ಮನೆ ಬದಲಿಸಿದ ಕಥೆ, ಸೂತಕದಲ್ಲಿರುವವರು ಕೆಲಸ ಕಳೆದುಕೊಂಡ ಕಥೆ. ದುಃಖದಲ್ಲಿರುವವರಿಗೆ ‘ಓದಿ, ನಗು ಬರುತ್ತೆ’ ಎಂದು ಇಂಥದ್ದನ್ನು ಉಡುಗೊರೆ ಕೊಡಬೇಡಿ. ಅವರೇ ಕೇಳಿದರೆ ಕೊಡಿ.

ಈಗ ನಿಮ್ಮ ಪುಸ್ತಕ. ನಿಲ್ಲಿಸಿದ ಪುಟದಿಂದ ಮೂವತ್ತು ಪುಟ ಹಿಂದಕ್ಕೆ ಹೋಗಿ, ಅಪ್ಪ ಮನೆಬಿಡುವ ಅಧ್ಯಾಯವನ್ನು ಮೊದಲಿಂದ, ನಿಧಾನವಾಗಿ ಓದಿ. ಅಮ್ಮ ಹಾಸಿಗೆ ಹಿಡಿದ ಅಧ್ಯಾಯ ಮರುದಿನಕ್ಕಿರಲಿ. ಅಲ್ಲಿ ಅಮ್ಮನ ಮಾತುಗಳನ್ನಷ್ಟೇ ಬೇರೆಯಾಗಿ, ಗಟ್ಟಿಯಾಗಿ ಓದಿ. ಮಗಳ ಬಾಯಿ ಕಟ್ಟಿಸುವಂಥ ಮಾತು ಒಂದಾದರೂ ಆ ಅಮ್ಮ ಆಡಿದ್ದರೆ ಮುಂದೆ ಓದಿ, ಲೇಖಕಿ ಆಕೆಗೆ ನ್ಯಾಯ ಮಾಡಿದ್ದಾಳೆ. ಅಧ್ಯಾಯ ಮುಗಿಯುವವರೆಗೂ ಅಮ್ಮ ಒಂದು ಸಲವೂ ಗೆಲ್ಲದಿದ್ದರೆ ಕೊನೆಯ ತಾರೀಕಿಗೆ ಕಾಯದೆ ಲೈಬ್ರರಿಗೆ ಮರಳಿಸಿ, ಬೇರೊಂದು ತನ್ನಿ.